ಕೊನೆಯ ಎರಡು ಮೀಟರಿನ ಬೆಲೆ

ಸಂಗೀತವನ್ನು ಪ್ರೀತಿಸುವವನ ಹಣದ ಚೀಲ ಬಿಚ್ಚಿಸುವುದು ಬಹು ಸುಲಭ. ಮಿಕ್ಕ ವ್ಯವಹಾರಗಳಲ್ಲಿ ಕಾಸಿಗೆ ಕಾಸು ಲೆಕ್ಕ ಹಾಕುವ ಗೃಹಸ್ಥನೂ ‘ಇದರಿಂದ ವೀಣೆಯ ನಾದ ಇನ್ನಷ್ಟು ತಿಳಿಯಾಗಿ ಕೇಳುತ್ತದೆ’ ಎಂಬ ಮಾತಿಗೆ ಮೆತ್ತಗಾಗುತ್ತಾನೆ. ಈ ಮೆದುತನವನ್ನು ನಾನು ಹಳಿಯಲಾರೆ. ಅದು ರಸಿಕತೆಯ ಇನ್ನೊಂದು ಮುಖ. ಆದರೆ ಅದನ್ನೇ ಬಂಡವಾಳವಾಗಿ ಹೂಡಿರುವ ಒಂದು ವ್ಯಾಪಾರವನ್ನು ನಿಂತು ನೋಡಬೇಕಾಗಿದೆ.

ಗೋಡೆಯ ಪ್ಲಗ್ಗಿನಿಂದ ಸಂಗೀತಯಂತ್ರಕ್ಕೆ ವಿದ್ಯುತ್ತನ್ನು ಒಯ್ಯುವ ತಂತಿಯ ವ್ಯಾಪಾರವದು. ಸಾಮಾನ್ಯವಾಗಿ ಈ ತಂತಿ ಯಂತ್ರದ ಜೊತೆಯಲ್ಲೇ ಬರುತ್ತದೆ. ಕೆಟ್ಟರೆ ಕೆಲವು ನೂರು ರೂಪಾಯಿಗೆ ಬೇರೊಂದು ಸಿಗುತ್ತದೆ. ಆದರೆ ರಸಿಕರಿಗೆಂದೇ ಹೆಣೆದ ತಂತಿಗಳುಂಟು. ಶುದ್ಧ ತಾಮ್ರ, ಬೆಳ್ಳಿಯ ಲೇಪ, ಹಾವಿನಷ್ಟು ದಪ್ಪದ ಹೊದಿಕೆ. ಬೆಲೆ ಹಲವು ಸಾವಿರಗಳಿಂದ ಮೊದಲಾಗಿ ಲಕ್ಷವನ್ನೂ ದಾಟುತ್ತದೆ.

ಕೆರಗೋಡಿನಲ್ಲಿ ನನಗೆ ಹಿರಿಯ ಮಿತ್ರರೊಬ್ಬರಿದ್ದಾರೆ. ಮೇಷ್ಟರಾಗಿದ್ದು ನಿವೃತ್ತರಾದವರು. ಕಬ್ಬಿನ ಗದ್ದೆಗಳ ನಡುವಿನ ಆ ಮನೆಯಲ್ಲಿ ಸಂಜೆಯಾದರೆ ಸಂಗೀತ. ಅಂಥ ಒಂದು ತಂತಿಗಾಗಿ ನಲವತ್ತು ಸಾವಿರ ತೆಗೆದಿಟ್ಟಿದ್ದರು. ‘ಇಷ್ಟೆಲ್ಲ ಖರ್ಚು ಮಾಡಿ ಯಂತ್ರ ಕೊಂಡಮೇಲೆ ತಂತಿಯಲ್ಲಿ ಜುಗ್ಗತನ ಯಾಕೆ ಹೇಳಿ?’ ಎಂಬುದು ಅವರ ವಾದ. ಅದೇ ಮನೆಯಲ್ಲಿ ಮೊಮ್ಮಗಳು ಕಲಿಯುವ ವೀಣೆಯ ಮೇಣ ಸಡಿಲಿ, ಮೆಟ್ಟಿಲುಗಳು ಅಪಸ್ವರ ನುಡಿಯುತ್ತಿದ್ದವು. ಆದ್ದರಿಂದ ಪ್ರಶ್ನೆ ಬರಿಯ ಚರ್ಚೆಯದಾಗಿರಲಿಲ್ಲ.

ಮಂಡ್ಯದ ಸೀಮೆಯವರಿಗೆ ವಿದ್ಯುತ್ತಿನ ತಂತಿಯ ವಿಷಯ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿಯೇ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಂದು ಅಣೆಕಟ್ಟು, ಕಲ್ಲಿದ್ದಲು, ಬಿಸಿಲು, ಗಾಳಿ ಎಲ್ಲದರ ವಿದ್ಯುತ್ತೂ ಒಂದೇ ಜಾಲದಲ್ಲಿ ಬೆರೆತು ಬರುತ್ತದೆ. ಅಲ್ಯೂಮಿನಿಯಂ ತಂತಿಗಳಲ್ಲಿ ನೂರಾರು ಕಿಲೋಮೀಟರು ಸಾಗಿ, ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಿನಿಂದ ಇಳಿದು, ಕಂಬ, ಮೀಟರು, ಫ್ಯೂಸು, ಗೋಡೆಯೊಳಗಿನ ವೈರು ಎಲ್ಲವನ್ನೂ ಹಾದು ಪ್ಲಗ್ಗಿಗೆ ಮುಟ್ಟುತ್ತದೆ. ಕಟ್ಟಕಡೆಯ ಎರಡು ಮೀಟರಿಗೆ ಬೆಳ್ಳಿ ಬಳಿದರೆ ಹಿಂದಿನ ದಾರಿಯೆಲ್ಲ ಬೆಳ್ಳಿಯಾದೀತೆ? ನಾಲೆಯ ನೀರು ಮೈಲಿಗಟ್ಟಲೆ ಮಣ್ಣಿನಲ್ಲಿ ಹರಿದು ಬಂದಮೇಲೆ ಗದ್ದೆಯ ಬದುವಿನಲ್ಲಿ ಬೆಳ್ಳಿಯ ಕೊಳವೆ ಹೂಳುವ ರೈತನನ್ನು ನಾನು ಕಂಡಿಲ್ಲ.

‘ಆ ಕೊನೆಯ ತಂತಿಯೇ ಕೊಳೆಯನ್ನು ಸೋಸುತ್ತದೆ’ ಎನ್ನುವವರುಂಟು. ಸೋಸುವ ಕೆಲಸ ಯಂತ್ರದೊಳಗೇ ನಡೆಯುತ್ತದೆ. ಸೆಕೆಂಡಿಗೆ 50 ಸಲ ಹಿಂದುಮುಂದಾಗುವ ವಿದ್ಯುತ್ತನ್ನು ಅದು ಮೊದಲು ಒಂದೇ ದಿಕ್ಕಿಗೆ ತಿರುಗಿಸಿ, ಧಾರಕಗಳಲ್ಲಿ ತುಂಬಿ, ಸಮಮಾಡಿಕೊಂಡು, ಆಮೇಲೆ ಸಂಗೀತಕ್ಕೆ ಬಳಸುತ್ತದೆ. ಈ ಭಾಗವನ್ನು ಚೆನ್ನಾಗಿ ಕಟ್ಟಿದ ಯಂತ್ರಕ್ಕೆ ತಂತಿಯ ಉಪಕಾರ ಬೇಕಿಲ್ಲ.

ಲೆಕ್ಕವನ್ನೂ ನೋಡೋಣ. 1.5 ಚದರ ಮಿಲಿಮೀಟರಿನ ತಾಮ್ರದ ಸಾಧಾರಣ ತಂತಿ, ಎರಡು ಮೀಟರು ಉದ್ದ. ಹೋಗಿ ಬರುವ ದಾರಿ ಸೇರಿ ಅದರ ತಡೆ ಸುಮಾರು 0.046 ಓಮು. 100 ವಾಟು ಎಳೆಯುವ ಯಂತ್ರಕ್ಕೆ 230 ವೋಲ್ಟಿನಲ್ಲಿ ಈ ತಂತಿಯಿಂದಾಗುವ ನಷ್ಟ 0.02 ವೋಲ್ಟು, ಹತ್ತು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಪಕ್ಕದ ಗದ್ದೆಯಲ್ಲಿ ಪಂಪು ಹೊರಟರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ವೋಲ್ಟು ಕುಸಿಯುತ್ತದೆ. ಲಕ್ಷ ರೂಪಾಯಿಯ ತಂತಿ ಆ 0.02ರಲ್ಲಿ ಎಷ್ಟು ತಾನೆ ಉಳಿಸೀತು?

‘ಆದರೆ ನನ್ನ ಕಿವಿಗೇ ವ್ಯತ್ಯಾಸ ಕೇಳಿಸಿತಲ್ಲ!’ ಎಂದರು ಮೇಷ್ಟರು. ಅವರು ಸುಳ್ಳಾಡುವವರಲ್ಲ. ಆದರೆ ಕಿವಿ ಒಂಟಿಯಾಗಿ ಕೇಳುವುದಿಲ್ಲ. ಕಣ್ಣು, ನೆನಪು, ಕೊಟ್ಟ ಬೆಲೆ ಎಲ್ಲವೂ ಅದರ ಪಕ್ಕದಲ್ಲಿ ಕುಳಿತಿರುತ್ತವೆ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ ಇರಬೇಕು. ಪ್ರಮಾಣಿಸುವ ಬಗೆ ಸುಲಭ. ಯಂತ್ರದ ಹಿಂಬದಿಗೆ ಪರದೆ ಕಟ್ಟಿ; ಒಬ್ಬರು ನಾಣ್ಯ ಚಿಮ್ಮಿ, ಅದು ಬಿದ್ದಂತೆ ಒಂದಲ್ಲ ಒಂದು ತಂತಿ ಜೋಡಿಸಲಿ. ಬದಲಾಯಿಸಲಿ ಬಿಡಲಿ, ಪ್ರತಿ ಸಲವೂ ಸ್ವಿಚ್ಚು ಆರಿಸಿ ತಂತಿ ಬಿಚ್ಚಿ ಹಾಕಲಿ. ಧ್ವನಿಯ ಮಟ್ಟ ಒಂದೇ ಇರಲಿ. ಕೇಳುವವರು ಹತ್ತು ಸಲ ಊಹಿಸಲಿ. ಐದಾರು ಸರಿಯಾದರೆ ಅದು ನಾಣ್ಯದ ಗುಣ. ಒಂಬತ್ತು ಅಥವಾ ಹತ್ತು ಸರಿಯಾದರೆ ಮಾತ್ರ ಕಿವಿಯ ಗುಣವೆನ್ನಬಹುದು. ಬರಿಯ ಅದೃಷ್ಟದಿಂದ ಹಾಗಾಗುವುದು ನೂರಕ್ಕೆ ಒಂದು ಸಲ ಮಾತ್ರ. ಕೊಳ್ಳುವ ಮೊದಲು ಈ ಪರೀಕ್ಷೆಗೆ ಒಪ್ಪದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವುದು ಲೇಸು.

ಹಾಗೆಂದು ತಂತಿ ಯಾವುದಾದರೂ ಆದೀತೆಂದಲ್ಲ. ತೀರ ಸಣ್ಣ ವೈರು, ಸಡಿಲ ಪ್ಲಗ್ಗು, ಅರ್ಥಿಂಗ್ ಇಲ್ಲದ ಮನೆ ಇವು ಸಂಗೀತಕ್ಕೂ ಜೀವಕ್ಕೂ ಅಪಾಯ. ಐಎಸ್‌ಐ ಗುರುತಿನ ಮೂರು ಪಿನ್ನಿನ ಗಟ್ಟಿ ತಂತಿ ಬೇಕೇಬೇಕು. ಮೇಷ್ಟರ ಮನೆಯಲ್ಲಿ ‘ಗುಂಯ್’ ಎನ್ನುತ್ತಿದ್ದ ಸದ್ದಿಗೆ ಕಾರಣ ಬೇರೆಯೇ ಇತ್ತು. ಯಂತ್ರವೊಂದು ಒಂದು ಗೋಡೆಗೆ, ಅದಕ್ಕೆ ಜೋಡಿಸಿದ ಇನ್ನೊಂದು ಎದುರು ಗೋಡೆಗೆ ಸಿಕ್ಕಿಸಿದ್ದವು. ಎರಡನ್ನೂ ಒಂದೇ ಬೋರ್ಡಿಗೆ ತಂದೆವು, ಸದ್ದು ಅಡಗಿತು. ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆಗೆ ಎಳೆದೆವು; ಮೃದಂಗದ ಮೊಳಗು ಹದಕ್ಕೆ ಬಂತು. ಖರ್ಚು ಸೊನ್ನೆ.

ಇಲ್ಲಿ ಪಿಟೀಲು ಚೌಡಯ್ಯನವರು ನೆನಪಾಗುತ್ತಾರೆ. ಮಳವಳ್ಳಿಗೆ ನೆರೆಯಾದ ತಿರುಮಕೂಡಲಿನವರು. ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ಅವರು 1927ರ ಸುಮಾರಿಗೆ ಪಿಟೀಲಿನ ನಾಲ್ಕು ತಂತಿಗೆ ಮೂರನ್ನು ಸೇರಿಸಿ ಏಳು ಮಾಡಿಕೊಂಡರು. ತಂತಿಯಿಂದ ನಾದ ಹೆಚ್ಚಿದ್ದು ನಿಜ. ಆದರೆ ಅವು ನಾದ ಹುಟ್ಟುವ ಜಾಗದಲ್ಲಿದ್ದ ತಂತಿಗಳು.

ಮೇಷ್ಟರಿಗೆ ನಾನು ಹೇಳಿದ್ದೂ ಇಷ್ಟೆ. ಹಣವನ್ನು ನಾದ ಹುಟ್ಟುವ ಕಡೆಗೆ ಹಾಕಬೇಕು: ಮೊದಲು ವೀಣೆಯ ಮೆಟ್ಟಿಲಿಗೆ, ಆಮೇಲೆ ಕಲಿಸುವ ಗುರುವಿಗೆ, ಕಚೇರಿಯ ಟಿಕೇಟಿಗೆ, ಒಳ್ಳೆಯ ಸ್ಪೀಕರಿಗೆ. ಇಷ್ಟನ್ನೂ ಪೂರೈಸಿ ಉಳಿದದ್ದು ಸೊಗಸಾದ ತಂತಿಗೆ ಹೋದರೆ ತಪ್ಪೇನಿಲ್ಲ. ನೋಡಲು ಚೆಲುವಾದ ವಸ್ತುವನ್ನು ಕೊಳ್ಳುವ ಹಕ್ಕು ಎಲ್ಲರಿಗೂ ಉಂಟು. ಅದನ್ನು ಕಣ್ಣಿನ ಖರ್ಚೆಂದು ಬರೆದಿಟ್ಟರಾಯಿತು. ಕಿವಿಯ ಲೆಕ್ಕಕ್ಕೆ ಸೇರಿಸಬಾರದು.