ಅಜ್ಜನ ಕಾಲದ ಬಂದೂಕಿಗೆ ಲೈಸೆನ್ಸ್ ಬೇಡವೇ? ಉಜ್ಜಿ ಹೊಳಪು ಕೊಟ್ಟರೆ ಬೆಲೆ ಏರುತ್ತದೆಯೇ?

"ಮನೆಯಲ್ಲಿ ಅಜ್ಜನ ಕಾಲದ ಬಂದೂಕು ಇದೆಯಾ? ನೂರು ವರ್ಷ ದಾಟಿದ್ದರೆ ಅದು ಆಂಟಿಕ್, ಲೈಸೆನ್ಸ್ ಬೇಕಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿ, ಸ್ಯಾಂಡ್ ಪೇಪರ್ ಹಿಡಿದು ಹೊಸದರಂತೆ ಮಾಡಿ. ಲಂಡನ್ ಹರಾಜಿನಲ್ಲಿ ಕೋಟಿ ಸಿಗುತ್ತೆ!"

ಇಂಥ ಮಾತನ್ನು ಫೋನಿನಲ್ಲೋ ಅಂಗಡಿ ಕಟ್ಟೆಯಲ್ಲೋ ನೀವೂ ಕೇಳಿರಬಹುದು. ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯಲ್ಲಾಗಲಿ, ರಾಜ್ಯದ ಬೇರೆ ಯಾವುದೇ ಊರಿನಲ್ಲಾಗಲಿ, ಹಳೇ ಮನೆ ಕೆಡವುವಾಗ ಅಟ್ಟದಿಂದ ಒಂದು ನಾಡಬಂದೂಕು ಕೆಳಗಿಳಿದರೆ ಮೊದಲು ನೆನಪಾಗುವುದು ಇದೇ ಮಾತು. ಇದರಲ್ಲಿರುವ ಮೂರು ಸಲಹೆಗಳೂ ತಪ್ಪು. ನಂಬಿ ನಡೆದರೆ ಬಂದೂಕಿನ ಬೆಲೆಯೂ ಹೋಗಬಹುದು, ಮನೆಯವರು ಜೈಲಿಗೂ ಹೋಗಬಹುದು.

ನೂರು ವರ್ಷ ದಾಟಿದರೆ ಲೈಸೆನ್ಸ್ ಬೇಡವೇ?

ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ವಯಸ್ಸನ್ನು ಲೆಕ್ಕ ಹಾಕುವುದಿಲ್ಲ. ಅದರ 45ನೇ ಕಲಂ ವಿನಾಯಿತಿ ಕೊಡುವುದು ಹಳೇ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ. ಆದರೆ ಅಲ್ಲೊಂದು ಷರತ್ತಿದೆ: ರಿಪೇರಿ ಮಾಡಿದರೂ ಅದರಿಂದ ಗುಂಡು ಹಾರಿಸಲು ಆಗಬಾರದು. ಅಂದರೆ ಪ್ರಶ್ನೆ "ಎಷ್ಟು ಹಳೆಯದು?" ಎಂಬುದಲ್ಲ, "ಮತ್ತೆ ಹಾರಿಸಬಹುದೇ?" ಎಂಬುದು. ತುಕ್ಕು ಹಿಡಿದು ಕೂತಿದ್ದರೂ ಒಂದು ಸ್ಪ್ರಿಂಗ್ ಬದಲಿಸಿದರೆ ಕೆಲಸ ಮಾಡುವ ಬಂದೂಕಿಗೆ ಈ ವಿನಾಯಿತಿ ಇಲ್ಲ.

2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯೂ ಅದೇ ತಿದ್ದುಪಡಿಯಲ್ಲಿ 3ರಿಂದ 2ಕ್ಕೆ ಇಳಿಯಿತು. ವಂಶಪಾರಂಪರ್ಯವಾಗಿ ಬಂದದ್ದೂ ಈ ಲೆಕ್ಕದೊಳಗೇ ಬರುತ್ತದೆ.

"ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ?" ಎಂದು ನೀವು ಕೇಳಬಹುದು. ಕೊಡವರಿಗೂ ಜಮ್ಮಾ ಭೂಮಿ ಹೊಂದಿದವರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಅದು ಅವರಿಗೆ ಮಾತ್ರ. ಕೋಲಾರ ಜಿಲ್ಲೆಯವರಿಗೆ ಅನ್ವಯಿಸುವುದಿಲ್ಲ.

ಉಜ್ಜಿದರೆ ಏನು ಹೋಗುತ್ತದೆ?

ದೋಸೆ ಕಾವಲಿಯನ್ನು ಗಸಗಸ ಉಜ್ಜಿ ಬೆಳ್ಳಗೆ ಮಾಡಿ ನೀರಿನಲ್ಲೇ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪು ತುಕ್ಕು ಬಂದಿರುತ್ತದೆ. ಕಾವಲಿಯನ್ನು ಕಾಯುತ್ತಿದ್ದುದು ಅದರ ಕಪ್ಪು ಪದರ. ಕಾವಲಿಯ ಕಪ್ಪು ಎಣ್ಣೆ ಕಾದು ಅಂಟಿಕೊಂಡದ್ದು. ಬಂದೂಕಿನ ನಳಿಗೆಯ ನೀಲಿಗಪ್ಪು ಹಾಗಲ್ಲ, ಅದು ಕಬ್ಬಿಣದಿಂದಲೇ ಹುಟ್ಟಿದ ಪದರ.

ಕಬ್ಬಿಣ, ಗಾಳಿಯ ಆಮ್ಲಜನಕ ಮತ್ತು ತೇವ ಸೇರಿದಾಗ ಕೆಂಪು ತುಕ್ಕು ಬರುತ್ತದೆ. ಅದು ಉಬ್ಬುತ್ತದೆ, ಪುಡಿಪುಡಿಯಾಗಿ ಉದುರುತ್ತದೆ, ಒಳಗಿನ ಕಬ್ಬಿಣವನ್ನು ಮತ್ತೆ ತೇವಕ್ಕೆ ಒಡ್ಡುತ್ತದೆ. ಹಳೇ ಬಂದೂಕು ತಯಾರಕರು ಈ ಶತ್ರುವನ್ನೇ ಕಾವಲಿಗೆ ನಿಲ್ಲಿಸಿದರು. ನಳಿಗೆಗೆ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಮುಳುಗಿಸುತ್ತಿದ್ದರು. ಆಗ ಕೆಂಪು ತುಕ್ಕು ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆಗುತ್ತದೆ. ಸಡಿಲವಾದದ್ದನ್ನು ಬ್ರಷ್‌ನಿಂದ ತೆಗೆದು, ಮತ್ತೆ ತುಕ್ಕು, ಮತ್ತೆ ಕುದಿಸುವುದು. ಹೀಗೆ ಹಲವು ದಿನ ಮಾಡಿದರೆ ಗಟ್ಟಿಯಾಗಿ ಕಚ್ಚಿಕೊಂಡ ನೀಲಿಗಪ್ಪು ಪದರ ಬರುತ್ತದೆ. ಇದಕ್ಕೆ ಬ್ಲೂಯಿಂಗ್ ಎನ್ನುತ್ತಾರೆ. ಕುದಿಸದೆ ಕಂದು ಬಣ್ಣದಲ್ಲೇ ಬಿಟ್ಟರೆ ಬ್ರೌನಿಂಗ್.

ಈ ಪದರ ಕೂದಲೆಳೆಗಿಂತಲೂ ಎಷ್ಟೋ ಪಟ್ಟು ತೆಳು. ಹುಣಸೆಹುಳಿ, ನಿಂಬೆರಸ, ವಿನೆಗರ್, ಕೋಲಾ ಎಲ್ಲವೂ ಆಮ್ಲ. ತುಕ್ಕೂ ಕಬ್ಬಿಣದ ಆಕ್ಸೈಡ್, ಬ್ಲೂಯಿಂಗ್ ಕೂಡ ಕಬ್ಬಿಣದ ಆಕ್ಸೈಡ್. ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಎಂದು ಹುಣಸೆಹಣ್ಣಿಗೆ ಗೊತ್ತಾಗುವುದಿಲ್ಲ, ಎರಡನ್ನೂ ಕರಗಿಸುತ್ತದೆ. ಹಿತ್ತಾಳೆ ಚೊಂಬಿಗೆ ಒಳ್ಳೆಯದಾದದ್ದು ಇಲ್ಲಿ ಕೆಡುಕು.

ಸ್ಯಾಂಡ್ ಪೇಪರ್ ಇನ್ನೂ ಅಪಾಯ. ತಯಾರಕರ ಹೆಸರು, ನಂಬರ್, ಪರೀಕ್ಷೆಯ ಮುದ್ರೆ ಎಲ್ಲವೂ ಅದರಡಿ ಸವೆದುಹೋಗುತ್ತವೆ. ಇದು ಬೆಲೆಯ ಪ್ರಶ್ನೆ ಮಾತ್ರವಲ್ಲ. ಬಂದೂಕಿನ ಮೇಲಿನ ಹೆಸರು, ನಂಬರ್ ಅಳಿಸುವುದನ್ನು ಕಾಯ್ದೆಯ 8ನೇ ಕಲಂ ನಿಷೇಧಿಸುತ್ತದೆ. ನಂಬರ್ ಅಳಿಸಿದ ಬಂದೂಕು ಯಾರ ಕೈಯಲ್ಲಿ ಸಿಗುತ್ತದೋ ಅವರೇ ಅಳಿಸಿದ್ದಾರೆ ಎಂದು ಕಾನೂನು ಭಾವಿಸುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಅವರದೇ.

ಹೊಸದಾಗಿ ಬ್ಲೂಯಿಂಗ್ ಮಾಡಿಸಬಹುದಲ್ಲ?

ಬಣ್ಣ ಬರುತ್ತದೆ, ಆದರೆ ಅದು ಮೂಲದ್ದಲ್ಲ. ಹಳೇ ಬಂದೂಕು ಸಂಗ್ರಹಿಸುವವರು ಮೊದಲು ನೋಡುವುದು ಮೂಲ ಪದರ ಎಷ್ಟು ಉಳಿದಿದೆ ಎಂಬುದನ್ನು. ಅಂಚುಗಳು ದುಂಡಗಾಗಿ, ಅಕ್ಷರಗಳು ಮಸುಕಾಗಿ ಮೇಲೆ ಹೊಸ ಕಪ್ಪು ಹೊಳೆಯುತ್ತಿದ್ದರೆ ಉಜ್ಜಿದ್ದಾರೆ ಎಂದು ತಕ್ಷಣ ತಿಳಿಯುತ್ತದೆ. ಸವೆದರೂ ಮುಟ್ಟದೆ ಬಿಟ್ಟ ಬಂದೂಕಿಗೇ ಬೆಲೆ ಹೆಚ್ಚು.

ಜೋಡಿ ನಳಿಗೆಯದಾದರೆ ಇನ್ನೊಂದು ಅಪಾಯವಿದೆ. ಈಗಿನ ಬಿಸಿ ಬ್ಲೂಯಿಂಗ್‌ನಲ್ಲಿ ಕಾದ ಕಾಸ್ಟಿಕ್ ಸೋಡಾ ದ್ರಾವಣ ಬಳಸುತ್ತಾರೆ. ಹಳೇ ನಳಿಗೆಗಳನ್ನು ಜೋಡಿಸಿದ ಸೀಸ-ತವರದ ಬೆಸುಗೆಯನ್ನು ಅದು ತಿನ್ನುತ್ತದೆ. ಹೊರಗೆ ಹೊಸದರಂತೆ ಕಾಣುವ ಬಂದೂಕು ಒಳಗೆ ಸಡಿಲವಾಗಿರಬಹುದು.

ಇನ್ನು, ಬಂದೂಕು ರಿಪೇರಿ ಮಾಡುವ ಕಸುಬಿಗೇ ಬೇರೆ ಲೈಸೆನ್ಸ್ ಬೇಕು. ಅದಿಲ್ಲದವರು ಆ ಕೆಲಸಕ್ಕೆ ಕೈ ಹಾಕಿದರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಹಾಗಾಗಿ ಊರಿನ ಕಮ್ಮಾರರ ಬಳಿ ಒಯ್ದರೆ ಅವರನ್ನೂ ತೊಂದರೆಗೆ ಸಿಲುಕಿಸುತ್ತೀರಿ.

ಹಾಗಾದರೆ ಲಂಡನ್ನಿನ ಆ ಕೋಟಿಗಳು?

ಟಿಪ್ಪು ಸುಲ್ತಾನನ ಕಾಲದ ಆಯುಧಗಳು ಬ್ರಿಟನ್ನಿನಲ್ಲಿ ಹರಾಜಾಗಿರುವುದು ನಿಜ. 2019ರ ಮಾರ್ಚ್‌ನಲ್ಲಿ ಅಂಥದೊಂದು ಬೆಳ್ಳಿ ಅಲಂಕಾರದ ಬಂದೂಕು 60,000 ಪೌಂಡ್‌ಗೆ ಮಾರಾಟವಾಯಿತು. 1793-94ರಲ್ಲಿ ಟಿಪ್ಪುವಿಗಾಗಿ ಮಾಡಿದ ಇನ್ನೊಂದು ಬಂದೂಕು ಹೊರದೇಶಕ್ಕೆ ಹೋಗದಂತೆ 2023ರಲ್ಲಿ ಬ್ರಿಟಿಷ್ ಸರ್ಕಾರವೇ ತಾತ್ಕಾಲಿಕವಾಗಿ ತಡೆಯಿತು. ಅದರ ಬೆಲೆಯನ್ನು 20 ಲಕ್ಷ ಪೌಂಡ್ ಎಂದು ಅಂದಾಜಿಸಲಾಗಿತ್ತು.

ಆ ಬಂದೂಕಿನ ಮೇಲೆ ಅದನ್ನು ಮಾಡಿದ ಅಸದ್ ಖಾನ್ ಮುಹಮ್ಮದ್ ಎಂಬವನ ಹೆಸರು ಇನ್ನೂ ಉಳಿದಿದೆ. ಚಿನ್ನ, ಬೆಳ್ಳಿಯ ಕೆತ್ತನೆಯೂ ಉಳಿದಿದೆ. ಯಾರದು, ಯಾವಾಗ, ಎಲ್ಲಿ ಮಾಡಿದ್ದು ಎಂದು ಬಂದೂಕೇ ಹೇಳುತ್ತದೆ. ಅರ್ಧ ಗಂಟೆ ಸ್ಯಾಂಡ್ ಪೇಪರ್ ಆಡಿಸಿದ್ದರೆ ಹೇಳಲು ಏನೂ ಉಳಿಯುತ್ತಿರಲಿಲ್ಲ.

ನಿಮ್ಮ ಮನೆಯದನ್ನು ಅಲ್ಲಿಗೆ ಕಳಿಸುವಂತೆಯೂ ಇಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವುದು ಅಪರಾಧ. ಅಲ್ಲಿ ಹರಾಜಾದ ಟಿಪ್ಪುವಿನ ಆಯುಧಗಳು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಜೊತೆ ಹಡಗೇರಿದಂಥವು. ಇಲ್ಲಿಯೇ ಮಾರಬೇಕೆಂದರೆ, ಹಾರಿಸಬಲ್ಲ ಬಂದೂಕನ್ನು ಕೊಳ್ಳುವವರಿಗೂ ಲೈಸೆನ್ಸ್ ಇರಬೇಕು.

ಅಟ್ಟದಲ್ಲಿ ಬಂದೂಕು ಸಿಕ್ಕರೆ ಏನು ಮಾಡಬೇಕು?

1. ತುಂಬಿದೆ ಎಂದೇ ತಿಳಿಯಿರಿ. ಬಾಯಿಂದ ಮದ್ದು ತುಂಬುವ ನಾಡಬಂದೂಕಿನಲ್ಲಿ ಹಳೇ ಮದ್ದು ಹಾಗೇ ಉಳಿದಿರಬಹುದು. ಒಣಗಿದ್ದರೆ ಕರಿಮದ್ದು ಎಷ್ಟು ವರ್ಷವಾದರೂ ಹೊತ್ತಿಕೊಳ್ಳುತ್ತದೆ. ನಳಿಗೆಯೊಳಗೆ ಇಣುಕಬೇಡಿ, ಟ್ರಿಗರ್ ಮುಟ್ಟಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ, ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯಬೇಡಿ.

2. ಅಜ್ಜನ ಲೈಸೆನ್ಸ್ ಪುಸ್ತಕ ಹುಡುಕಿ. ಪೆಟ್ಟಿಗೆಯ ತಳದಲ್ಲಿರುವ ಹಳೇ ರಸೀದಿ, ಚುನಾವಣೆಗೆ ಠಾಣೆಯಲ್ಲಿ ಬಂದೂಕು ಇಟ್ಟ ಚೀಟಿ ಕೂಡ ದಾಖಲೆಯೇ.

3. ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಲೈಸೆನ್ಸ್ ಹೊಂದಿದವರು ತೀರಿಕೊಂಡಿದ್ದರೆ ಬಂದೂಕನ್ನು ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಇಡಲು 21ನೇ ಕಲಂ ದಾರಿ ಕೊಡುತ್ತದೆ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು.

4. ಲೈಸೆನ್ಸ್ ಕೈಗೆ ಬಂದು, ಬಂದೂಕು ಖಾಲಿ ಎಂದು ಬಲ್ಲವರು ಖಚಿತಪಡಿಸಿದ ಮೇಲೂ ಆರೈಕೆ ಸರಳವಾಗಿರಲಿ. ಬರಿಗೈಯ ಬೆವರಿನ ಉಪ್ಪು ತುಕ್ಕು ತರುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ, ಲೋಹಕ್ಕೆ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ. ಅಡುಗೆ ಎಣ್ಣೆ ಬೇಡ, ಜಿಡ್ಡುಗಟ್ಟುತ್ತದೆ. ಮರದ ಹಿಡಿಗೆ ವಾರ್ನಿಷ್ ಬೇಡ.

ತೀರ್ಮಾನ: ವಯಸ್ಸಾದ ಮಾತ್ರಕ್ಕೆ ಬಂದೂಕು ಲೈಸೆನ್ಸ್‌ನಿಂದ ತಪ್ಪಿಸಿಕೊಳ್ಳುವುದಿಲ್ಲ, ಉಜ್ಜಿದರೆ ಅದರ ಬೆಲೆ ಇಳಿಯುತ್ತದೆ, ವಿದೇಶಕ್ಕೆ ಕಳಿಸುವುದು ಅಪರಾಧ. ಹೋದ ಮೂಲ ಹೊಳಪನ್ನು ಯಾರೂ ಮರಳಿ ತರಲಾರರು. "ಉಜ್ಜಿ ಮಾರಿ" ಎಂಬ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ, ಮುಂದಕ್ಕೆ ತಳ್ಳುವ ಮೊದಲು ಇದನ್ನು ಕಳಿಸಿದವರಿಗೇ ಹಿಂದಿರುಗಿಸಿ.