ಈಡು ಎಷ್ಟು ದೂರದ್ದು? ಅಂಗಿ ಹೇಳುತ್ತೆ, ಒಗೆಯದಿದ್ದರೆ!

ಈಡು ಹಾರಿದ ಮನೆಗೆ ಪೊಲೀಸರು ಬರುವ ಮುಂಚೆ ಬರುವುದು ನೀರಿನ ಬಕೆಟ್ಟು. ಮೈ ಒರೆಸಿ, ರಕ್ತದ ಅಂಗಿ ಬಿಚ್ಚಿ ನೀರಿಗೆ ಅದ್ದುವವರು ಮನೆಯವರೇ. ಅವರ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಆ ನೀರಿನ ಜತೆ ಚರಂಡಿಗೆ ಹೋಗುವುದು ಕೇಸಿನ ಅರ್ಧ ಜೀವ.

ಕೊಡಗು, ಮಲೆನಾಡಿನ ಕಡೆ ಕೋವಿ ಹೊಸದೇನಲ್ಲ. ಪ್ರಾಣ ಹೋದಾಗ ಕೇಳಿಬರುವ ಮಾತುಗಳೂ ಹೊಸವಲ್ಲ. 'ಕೋವಿ ಒರೆಸ್ತಾ ಇದ್ದ, ಕೈ ತಪ್ಪಿ ಈಡಾಯ್ತು' ಅಂತ ಒಂದು ಕಡೆ. 'ಪೊದೆ ಅಲ್ಲಾಡಿತು, ಹಂದಿ ಅಂತ ಹೊಡೆದೆ' ಅಂತ ಇನ್ನೊಂದು ಕಡೆ. ಮೊದಲನೆಯದು ನಿಜವಾದರೆ ನಳಿಗೆ ಮೈಗೆ ಹತ್ತಿರ ಇರಬೇಕು. ಎರಡನೆಯದಾದರೆ ದೂರ ಇರಬೇಕು. ಕಂಡವರೇ ಇಲ್ಲದ ಕಡೆ ಈ ದೂರ ಅಳೆಯುವುದು ಹ್ಯಾಗೆ?

ಹೊಗೆ, ಮದ್ದು, ಚರೆ

ನಳಿಗೆಯಿಂದ ಗುಂಡೊಂದೇ ಹೊರಡುವುದಿಲ್ಲ. ಬೆಂಕಿ, ಹೊಗೆ, ಅರೆಬೆಂದ ಮದ್ದಿನ ಕಾಳು ಎಲ್ಲವೂ ಬೆನ್ನಿಗೇ ಬರುತ್ತವೆ. ಪಿಸ್ತೂಲಿನ ಬಾಯಿ ಮೈಗೆ ಒತ್ತಿದ್ದರೆ ಸುಟ್ಟ ಗುರುತು. ಒಂದು ಗೇಣಿನೊಳಗಿದ್ದರೆ ಹೊಗೆಯ ಮಸಿ. ಸುಮಾರು ಎರಡಡಿಯವರೆಗೆ ಮದ್ದಿನ ಕಾಳು ಚುಚ್ಚಿದ ಚುಕ್ಕಿ. ಅದರಾಚೆ ಸಾಮಾನ್ಯವಾಗಿ ಬರೀ ತೂತು.

ಚರೆ ತುಂಬಿದ ತೋಟಾ ಕೋವಿಯ ಲೆಕ್ಕ ಬೇರೆ. ಸುಮಾರು ಒಂದು ಗಜದೊಳಗಾದರೆ ಚರೆಯೆಲ್ಲಾ ಒಟ್ಟಿಗೆ ನುಗ್ಗಿ ಒಂದೇ ತೂತು. ಆಮೇಲೆ ಚೆದುರುತ್ತದೆ. ಗಜಕ್ಕೆ ಒಂದಂಗುಲ ಎಂಬುದು ಹಳೆಯ ಅಂದಾಜು. ಹತ್ತು ಗಜಕ್ಕೆ ಒಂದು ಊಟದ ತಟ್ಟೆಯಷ್ಟಗಲ.

ಆದರೆ ಕೋವಿಯಿಂದ ಕೋವಿಗೆ ಲೆಕ್ಕ ಬದಲು. ಆದ್ದರಿಂದ ಪ್ರಯೋಗಾಲಯದವರು ಅಂದಾಜಿನ ಮೇಲೆ ಷರಾ ಬರೆಯುವುದಿಲ್ಲ. ಅದೇ ಕೋವಿ, ಅದೇ ಜಾತಿಯ ತೋಟಾದಿಂದ ಬಟ್ಟೆಗೆ ಬೇರೆ ಬೇರೆ ದೂರದಿಂದ ಈಡು ಹೊಡೆದು, ಸತ್ತವನ ಅಂಗಿಯ ಜತೆ ತಾಳೆ ನೋಡುತ್ತಾರೆ. ಕಪ್ಪು ಬಟ್ಟೆಯಲ್ಲಿ ಕಣ್ಣಿಗೆ ಬೀಳದ ಸೀಸವನ್ನು ಸೋಡಿಯಂ ರೋಡಿಜೋನೇಟ್ ಎಂಬ ರಾಸಾಯನಿಕ ಕೆಂಪಗೆ ಎತ್ತಿ ತೋರಿಸುತ್ತದೆ. ಅಂಗಿ ಒಗೆದಿದ್ದರೆ ತಾಳೆ ನೋಡುವುದು ಯಾವುದನ್ನು?

ಟವೆಲ್ಲು ಹೇಳಿದ ಸಾಕ್ಷಿ

ಮೈಮೇಲಿನ ಬಟ್ಟೆ ಕೋರ್ಟಿನಲ್ಲಿ ಎಷ್ಟು ತೂಗುತ್ತದೆ ಎಂಬುದಕ್ಕೆ ನಾನಾವತಿ ಕೇಸು ಸಾಕು. ೧೯೫೯ರ ಏಪ್ರಿಲ್ ೨೭, ಬೊಂಬಾಯಿ. 'ಮೈಸೂರು' ಹೆಸರಿನ ಯುದ್ಧನೌಕೆಯ ಅಧಿಕಾರಿ ಕೆ.ಎಂ. ನಾನಾವತಿ, ಹೆಂಡತಿಯ ಗೆಳೆಯ ಪ್ರೇಮ್ ಅಹುಜನ ಮನೆಗೆ ಹೋದರು. ಮೂರು ಗುಂಡು. ಅಹುಜ ಸತ್ತ. ರಿವಾಲ್ವರಿಗಾಗಿ ಕಿತ್ತಾಟವಾಗಿ ಗುಂಡು ಹಾರಿತು ಅಂದರು ನಾನಾವತಿ. ಜ್ಯೂರಿಯ ಒಂಬತ್ತರಲ್ಲಿ ಎಂಟು ಮಂದಿ ತಪ್ಪಿಲ್ಲ ಅಂದರು. ಆದರೆ ಸ್ನಾನ ಮುಗಿಸಿ ಬಂದಿದ್ದ ಅಹುಜ ಸುತ್ತಿಕೊಂಡಿದ್ದ ಟವೆಲ್ಲು ಹಾಗೇ ಇತ್ತು! ಕಿತ್ತಾಟ ಅಂದಮೇಲೆ ಟವೆಲ್ಲು ನಿಲ್ಲುತ್ತದೆಯೇ? ಟವೆಲ್ಲು, ಗಾಯ, ತಜ್ಞರ ಹೇಳಿಕೆ ಎಲ್ಲ ತೂಗಿ ನೋಡಿದ ಸುಪ್ರೀಂ ಕೋರ್ಟು ೧೯೬೧ರ ನವೆಂಬರ್ ೨೪ರಂದು ಜೀವಾವಧಿ ಶಿಕ್ಷೆಯನ್ನೇ ಕಾಯಂ ಮಾಡಿತು.

ಕೈಗೆ ಮೆತ್ತಿದರೆ ಕೊಲೆಗಾರನೇ?

ಹಾಗಂತ ಹೇಳಲಾಗದು. ಈಡು ಹೊಡೆದವನ ಕೈಗೆ ಸೀಸ, ಬೇರಿಯಂ, ಆಂಟಿಮನಿ ಕಲಸಿದ ಸಣ್ಣ ಕಣ ಹತ್ತುವುದುಂಟು. ಕೈ ತೊಳೆದರೆ ಹೋಗುವುದೂ ಉಂಟು. ಪಕ್ಕದಲ್ಲಿ ನಿಂತವನಿಗೂ, ಕೋವಿ ಎತ್ತಿಟ್ಟವನಿಗೂ ಅವೇ ಮೆತ್ತುತ್ತವೆ. ಲಂಡನ್ನಿನಲ್ಲಿ ೧೯೯೯ರಲ್ಲಿ ಟಿ.ವಿ. ನಿರೂಪಕಿ ಜಿಲ್ ಡ್ಯಾಂಡೊ ಕೊಲೆಯಾಯಿತು. ವರ್ಷ ಕಳೆದ ಮೇಲೆ ಒಬ್ಬನ ಕೋಟಿನ ಜೇಬಿನಲ್ಲಿ ಸಿಕ್ಕ ಒಂದೇ ಒಂದು ಕಣ ದೊಡ್ಡ ಸಾಕ್ಷಿಯಾಗಿ, ೨೦೦೧ರಲ್ಲಿ ಅವನಿಗೆ ಜೀವಾವಧಿ. ಆ ಕಣ ಬೇರೆಲ್ಲಿಂದಲೋ ಬಂದಿರಬಹುದು ಅಂತ ೨೦೦೭ರಲ್ಲಿ ಅಪೀಲು ಕೋರ್ಟು ಶಿಕ್ಷೆ ರದ್ದು ಮಾಡಿತು. ೨೦೦೮ರಲ್ಲಿ ಮರುವಿಚಾರಣೆಯಲ್ಲಿ ಖುಲಾಸೆ. ಒಳಗೆ ಕಳೆದ ಎಂಟು ವರ್ಷ ವಾಪಸು ಕೊಡುವವರು ಯಾರು?

ಮನೆಯವರ ಕೆಲಸ

ಉಸಿರಿದ್ದರೆ ಮೊದಲು ಆಸ್ಪತ್ರೆ, ಮಿಕ್ಕದ್ದೆಲ್ಲ ಆಮೇಲೆ. ಅಂಗಿ ಕತ್ತರಿಸಲೇಬೇಕಾದರೆ ಗುಂಡಿನ ತೂತು ಬಿಟ್ಟು ಕತ್ತರಿಸಿ. ಒಗೆಯಬೇಡಿ, ಕೊಡವಬೇಡಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ. ಕೋವಿ, ತೋಟಾ ಇದ್ದಲ್ಲೇ ಇರಲಿ.

೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಬರಲೇಬೇಕು ಅನ್ನುತ್ತದೆ. ಅದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಗಡುವು. ಒಳ್ಳೆಯದೇ. ಆದರೆ ಬೆಂಗಳೂರಿನಿಂದ ಎಂಥ ತಜ್ಞರೇ ಬರಲಿ, ಹಿತ್ತಿಲ ಹಗ್ಗದ ಮೇಲೆ ಒಣಗುತ್ತಿರುವ ಅಂಗಿಯಲ್ಲಿ ಏನು ತಾನೆ ಓದಿಯಾರು?