ಎರೆಸೀಮೆಯ ಅಂಗಳದಲ್ಲಿ ಹೈಬ್ರಿಡ್ ಕಾರಿನ ಎಣ್ಣೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ರೈತ ಮನೆತನಗಳಲ್ಲಿ ಟ್ರ್ಯಾಕ್ಟರಿನ ಗೇರ್ ಎಣ್ಣೆಯನ್ನೂ ಹೈಡ್ರಾಲಿಕ್ ಎಣ್ಣೆಯನ್ನೂ ಮನೆಯ ಮುಂದೆಯೇ ಬದಲಿಸುವುದು ಹೊಸದೇನಲ್ಲವಾದ್ದರಿಂದ, ಅದೇ ಅಂಗಳಕ್ಕೆ ಬಂದು ನಿಂತ ಹೈಬ್ರಿಡ್ ಕಾರಿನ ಗೇರ್ ಪೆಟ್ಟಿಗೆಯ ಎಣ್ಣೆಯನ್ನೂ ಅದೇ ಪಾನಾ, ಅದೇ ಆಲಿಕೆಗಳಿಂದ ಬದಲಿಸಬಹುದೆಂಬ ಎಣಿಕೆ ಸಹಜವಾದುದು. ಕೈಕೆಲಸದ ಮಟ್ಟಿಗೆ ಈ ಎಣಿಕೆ ತಪ್ಪಲ್ಲ. ಹಳೆಯದನ್ನು ಬಸಿದು ಹೊಸದನ್ನು ತುಂಬುವ ಕ್ರಮ ಟ್ರ್ಯಾಕ್ಟರಿನದಕ್ಕಿಂತ ಸುಲಭವೆಂದೇ ಹೇಳಬೇಕು. ಆದರೆ ಹೈಬ್ರಿಡ್ ಕಾರಿನಲ್ಲಿ ಈ ಎಣ್ಣೆ ಹಲ್ಲುಗಾಲಿಗಳನ್ನು ನುಣುಪಾಗಿಡುವುದರ ಜೊತೆಗೆ ವಿದ್ಯುತ್ ಮೋಟಾರುಗಳ ಮೇಲೂ ಹರಿಯುತ್ತದೆಯಾಗಿ, ಎಣ್ಣೆಯ ಆಯ್ಕೆಯಲ್ಲಿ ಮತ್ತು ಶುಚಿತ್ವದಲ್ಲಿ ಟ್ರ್ಯಾಕ್ಟರು ಸಹಿಸಿಕೊಳ್ಳುವ ಸಡಿಲುತನವನ್ನು ಅದು ಸಹಿಸುವುದಿಲ್ಲ.

ಕಾರಿನ ಹೆಸರನ್ನಷ್ಟೇ ನೋಡಿ ಕೆಲಸಕ್ಕೆ ಕೈಹಾಕುವಂತಿಲ್ಲ. ಬೆಂಗಳೂರು ಸಮೀಪದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಲ್ಲಿ ತಯಾರಾಗತೊಡಗಿದ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾ ಕಾರುಗಳು ಎರಡು ಬಗೆಗಳಲ್ಲಿ ದೊರೆಯುತ್ತವೆ: ಒಂದರಲ್ಲಿ ಸಣ್ಣ ಬ್ಯಾಟರಿಯೊಂದು ಎಂಜಿನ್ನಿಗೆ ತುಸು ನೆರವಾಗುವುದಷ್ಟೇ ಹೊರತು ಗೇರ್ ಪೆಟ್ಟಿಗೆ ಮಾಮೂಲಿನದೇ, ಇನ್ನೊಂದರಲ್ಲಿ, ಅದೇ ವರ್ಷದ ಕೊನೆಗೆ ಅನಾವರಣಗೊಂಡ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿಯಲ್ಲಿರುವಂತೆ, ಕಾರನ್ನು ಮೋಟಾರೊಂದೇ ಎಳೆಯಬಲ್ಲದು. ಇಲ್ಲಿ ವಿವರಿಸುತ್ತಿರುವುದು ಈ ಎರಡನೆಯ ಬಗೆಯನ್ನು.

ಈ ಬಗೆಯ ಕಾರಿನಲ್ಲಿ ಒಂದು, ಎರಡು, ಮೂರು ಎಂದು ಬದಲಾಗುವ ಗೇರುಗಳಾಗಲಿ, ಸವೆಯುವ ಕ್ಲಚ್ ಬಿಲ್ಲೆಗಳಾಗಲಿ ಇರುವುದಿಲ್ಲ. ಬದಲಿಗೆ ನಡುವೆ ಒಂದು ಸೂರ್ಯ ಗೇರು, ಅದರ ಸುತ್ತ ತಿರುಗುವ ಗ್ರಹ ಗೇರುಗಳು, ಇವೆಲ್ಲವನ್ನೂ ಒಳಹಲ್ಲುಗಳಿಂದ ಸುತ್ತುವರಿದ ಉಂಗುರ ಗೇರು — ಹೀಗೆ ಗ್ರಹಮಂಡಲದ ಮಾದರಿಯ ಒಂದೇ ಜೋಡಣೆಯಿದ್ದು, ಜನರೇಟರು ಸೂರ್ಯನಿಗೂ, ಎಂಜಿನ್ನು ಗ್ರಹಗಳನ್ನು ಹಿಡಿದಿರುವ ಚೌಕಟ್ಟಿಗೂ, ಚಕ್ರಗಳು ಮತ್ತು ದೊಡ್ಡ ಮೋಟಾರು ಉಂಗುರದ ಕಡೆಗೂ ಕೂಡಿಕೊಂಡಿರುತ್ತವೆ. 1997ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪ್ರಿಯಸ್ ಕಾರಿನಲ್ಲಿ ಸೂರ್ಯನಿಗೆ 30, ಉಂಗುರಕ್ಕೆ 78 ಹಲ್ಲುಗಳಿದ್ದುದರಿಂದ, ಎಂಜಿನ್ನಿನ ತಿರುಚುಬಲದಲ್ಲಿ ಶೇ. 72ರಷ್ಟು ಚಕ್ರಗಳ ಕಡೆಗೂ ಶೇ. 28ರಷ್ಟು ಜನರೇಟರಿನ ಕಡೆಗೂ ಹಂಚಿಹೋಗುತ್ತಿತ್ತು. ಗೇರು, ಜನರೇಟರು, ಮೋಟಾರು ಮೂರೂ ಒಂದೇ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಸೇರಿರುವ ಈ ಭಾಗಕ್ಕೆ ಟ್ರಾನ್ಸ್‌ಆಕ್ಸಲ್ ಎಂದು ಹೆಸರು.

ಪೆಟ್ಟಿಗೆಯ ತಳದಲ್ಲಿ ನಿಂತಿರುವ ಎಣ್ಣೆಯನ್ನು ತಿರುಗುವ ಗೇರುಗಳೂ ಒಂದು ಪಂಪೂ ಮೇಲಕ್ಕೆತ್ತಿ ಮೋಟಾರಿನ ತಾಮ್ರದ ಸುರುಳಿಗಳ ಮೇಲೆ ಸುರಿಸುವುದರಿಂದ, ಸುರುಳಿಗಳಲ್ಲಿ ಹುಟ್ಟಿದ ಶಾಖ ಎಣ್ಣೆಯ ಮೂಲಕ ಹೊರಗೋಡೆಗೆ ಸಾಗುತ್ತದೆ. ನೂರಾರು ವೋಲ್ಟಿನ ವಿದ್ಯುತ್ ಹರಿಯುವ ಸುರುಳಿಗಳಿಗೆ ತಾಗಿಕೊಂಡೇ ಇರುವ ಈ ಎಣ್ಣೆ ವಿದ್ಯುತ್ತನ್ನು ಹರಿಯಗೊಡಬಾರದು, ತಾಮ್ರವನ್ನೂ ಅದರ ಮೇಲಿನ ತೆಳು ಅರಗಿನ ಲೇಪವನ್ನೂ ತಿನ್ನಬಾರದು, ಸಂದುಗೊಂದಿಗಳಲ್ಲಿ ಇಳಿಯುವಷ್ಟು ತೆಳುವಾಗಿಯೂ ಇರಬೇಕು. ಬಿಡದಿಯಲ್ಲಿ 2013ರಿಂದ ಜೋಡಣೆಯಾದ ಕ್ಯಾಮ್ರಿ ಹೈಬ್ರಿಡ್‌ಗೆ ಕಂಪನಿ ಸೂಚಿಸಿದ ಎಟಿಎಫ್ ಡಬ್ಲ್ಯೂಎಸ್ ಎಂಬ ಕೆಂಪು ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿವಿಗೆ ಅದು ಒಡ್ಡುವ ತಡೆ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5.5 ಸೆಂಟಿಸ್ಟೋಕ್, ಹಳ್ಳಿಯ ಅಂಗಡಿಗಳಲ್ಲಿ ಸಿಗುವ 90 ನಂಬರಿನ ಗೇರ್ ಎಣ್ಣೆಯದು ಅದೇ ಶಾಖದಲ್ಲಿ 13.5ಕ್ಕಿಂತ ಕಡಿಮೆಯಿರುವುದಿಲ್ಲ. ಗೇರ್ ಹಲ್ಲುಗಳ ಭಾರೀ ಒತ್ತಡ ತಡೆಯಲೆಂದು ಅಂಥ ಎಣ್ಣೆಗೆ ಬೆರೆಸುವ ಗಂಧಕದ ಸಂಯುಕ್ತಗಳು ಬಿಸಿಯಲ್ಲಿ ತಾಮ್ರವನ್ನು ಕಪ್ಪಾಗಿಸಿ ತಿನ್ನತೊಡಗುತ್ತವೆ. ಟ್ರ್ಯಾಕ್ಟರಿಗೆಂದು ತಂದು ಉಳಿದ ಡಬ್ಬಿ ಇಲ್ಲಿ ಉಪಯೋಗಕ್ಕೆ ಬಾರದು. ಹೊಸ ಮಾದರಿಗಳಿಗೆ ಇನ್ನೂ ತೆಳುವಾದ ಎಣ್ಣೆಗಳು ಬಂದಿರುವುದರಿಂದ ಆಯಾ ಕಾರಿನ ಕೈಪಿಡಿಯಲ್ಲಿ ಬರೆದಿರುವುದೇ ಅಂತಿಮ.

ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕೆಂಬ ಚರ್ಚೆ ಎಲ್ಲೆಡೆ ನಡೆಯುವಂಥದ್ದೇ. ಆದರೆ ಈ ಸೀಮೆಯಲ್ಲಿ ಕಿಲೋಮೀಟರಿಗಿಂತ ನೀರಿನ ಲೆಕ್ಕ ಮುಖ್ಯವಾಗಬೇಕು. ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ರಸ್ತೆಗಳನ್ನು ಮುಳುಗಿಸುವ ದಿನಗಳಲ್ಲಿ ನೀರು ಹಾಯ್ದು ಬರುವ ಕಾರಿಗೆ ಒದಗುವ ಅಪಾಯವನ್ನು ಸರಳ ಭೌತಶಾಸ್ತ್ರವೇ ವಿವರಿಸುತ್ತದೆ. ಟ್ರಾನ್ಸ್‌ಆಕ್ಸಲ್ಲಿನೊಳಗಿನ ಗಾಳಿ ಬಿಸಿಯಾದಾಗ ಹಿಗ್ಗಿ ಹೊರಬೀಳಲೆಂದು ಪೆಟ್ಟಿಗೆಯ ಮೇಲ್ಭಾಗದಲ್ಲಿ ಉಸಿರುಗಂಡಿಯೊಂದಿರುತ್ತದೆ. 80 ಡಿಗ್ರಿಯಷ್ಟು ಕಾದ ಪೆಟ್ಟಿಗೆ ಹಳ್ಳದ ನೀರಿಗಿಳಿದು 30 ಡಿಗ್ರಿಗೆ ತಣಿದರೆ ಒಳಗಿನ ಗಾಳಿ ಸುಮಾರು ಏಳನೆಯ ಒಂದು ಪಾಲು ಕುಗ್ಗುವುದರಿಂದ, ಆ ಕೊರತೆ ತುಂಬಲು ಹೊರಗಿನದು ಒಳಗೆ ಸೆಳೆಯಲ್ಪಡುತ್ತದೆ. ಗಂಡಿ ಮುಳುಗಿದ್ದರೆ ಅಥವಾ ಆಕ್ಸಲ್ಲಿನ ರಬ್ಬರ್ ಸೀಲು ಸವೆದಿದ್ದರೆ ಹಾಗೆ ಬರುವುದು ಕೆಸರು ನೀರು. ನೀರು ಬೆರೆತ ಎಣ್ಣೆ ಮಜ್ಜಿಗೆಯಂತೆ ಬಿಳಿಚಿಕೊಳ್ಳುತ್ತದೆ, ಬೇರಿಂಗುಗಳಿಗೆ ತುಕ್ಕು ತರುತ್ತದೆ, ವಿದ್ಯುತ್ ನಿರೋಧವೂ ಕುಸಿದು ಡ್ಯಾಶ್‌ಬೋರ್ಡಿನಲ್ಲಿ ಹೈಬ್ರಿಡ್ ವ್ಯವಸ್ಥೆಯ ಎಚ್ಚರಿಕೆಯ ದೀಪ ಹತ್ತಬಹುದು. ಎಣ್ಣೆ ಬರೀ ಕಪ್ಪಾಗಿದ್ದರೆ ಅಷ್ಟು ಗಾಬರಿ ಬೇಕಿಲ್ಲ. ಹೊಸ ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ನಯವಾದ ಲೋಹದ ಪುಡಿಯೇ ಆ ಬಣ್ಣಕ್ಕೆ ಬಹುಮಟ್ಟಿಗೆ ಕಾರಣ.

ಕೆಲಸಕ್ಕೆ ಮೊದಲು ಜಾಗ ಆಯ್ದುಕೊಳ್ಳಬೇಕು. ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಹೀರಿ ಉಬ್ಬುವುದರಿಂದ, ಒಣಗಿದಂತೆ ಕಾಣುವ ನೆಲವೂ ಜಾಕಿನ ಅಡಿಯಲ್ಲಿ ಕುಸಿಯಬಹುದು; ಆದ್ದರಿಂದ ಹಾಸುಗಲ್ಲು ಅಥವಾ ಸಿಮೆಂಟು ನೆಲವೇ ಬೇಕು, ಕಾರು ನಿಲ್ಲುವುದು ಸ್ಟ್ಯಾಂಡುಗಳ ಮೇಲೆಯೇ ಹೊರತು ಜಾಕಿನ ಮೇಲಲ್ಲ, ಮತ್ತು ನಾಲ್ಕೂ ಕಡೆ ಸಮಮಟ್ಟವಾಗಿರಬೇಕು. ಹೈಬ್ರಿಡ್ ಕಾರು ಸದ್ದಿಲ್ಲದೆ ಚಾಲೂ ಇದ್ದು ತನಗೆ ತಾನೇ ಎಂಜಿನ್ ಹಚ್ಚಿಕೊಳ್ಳಬಲ್ಲದಾದ್ದರಿಂದ, ಅದನ್ನು ಪೂರ್ತಿ ಆಫ್ ಮಾಡಿ ಕೀಲಿಯನ್ನು ದೂರವಿಡುವುದೂ, ಕಿತ್ತಳೆ ಬಣ್ಣದ ಹೊದಿಕೆಯ ತಂತಿಗಳನ್ನು ಮುಟ್ಟದಿರುವುದೂ ಕಡ್ಡಾಯ. ಬೋಲ್ಟುಗಳ ಸುತ್ತ ಅಂಟಿದ ಎರೆಯನ್ನು ತೊಳೆದು ಒರೆಸಿದ ಮೇಲೆ, ಮೊದಲು ಬಿಚ್ಚಬೇಕಾದದ್ದು ತಳದ ಬೋಲ್ಟನ್ನಲ್ಲ, ತುಂಬುವ ಬೋಲ್ಟನ್ನು. ಅದು ಜಾಮ್ ಆಗಿ ತೆರೆಯದಿದ್ದರೆ ಬಸಿದ ಕಾರು ಅಂಗಳದಲ್ಲೇ ಉಳಿದುಬಿಡುತ್ತದೆ. ಕೆಲವು ಮಾದರಿಗಳಲ್ಲಿ ತಂಪುನೀರು ಬಿಡುವ ಬೋಲ್ಟೂ ಎಂಜಿನ್ ಎಣ್ಣೆಯ ಬೋಲ್ಟೂ ಆಸುಪಾಸಿನಲ್ಲೇ ಇರುವುದರಿಂದ ಚಿತ್ರ ನೋಡಿ ಖಚಿತಪಡಿಸಿಕೊಳ್ಳುವುದು ಲೇಸು. ಉಗುರುಬೆಚ್ಚಗಿನ ಎಣ್ಣೆ ಬೇಗ ಬಸಿಯುತ್ತದೆ. ಹಲವು ಕಾರುಗಳಲ್ಲಿ ಹೊರಬರುವುದು ಮೂರೂವರೆಯಿಂದ ನಾಲ್ಕು ಲೀಟರು. ಅದನ್ನು ಅಳೆದಿಟ್ಟುಕೊಂಡು, ಹೊಸ ವಾಷರ್ ಹಾಕಿ ತಳದ ಬೋಲ್ಟನ್ನು ಬಿಗಿದ ಬಳಿಕ, ಉದ್ದನೆಯ ಪೈಪಿನಿಂದ ಹೊಸ ಎಣ್ಣೆಯನ್ನು ತುಂಬುವ ತೂತಿನ ಕೆಳ ಅಂಚಿನವರೆಗೆ ಸುರಿಯಬೇಕು. ಗಾಳಿಗುಳ್ಳೆಗಳು ಅಡಗಿದ ಮೇಲೆ ನೋಡಿದಾಗ ಮಟ್ಟ ಆ ಅಂಚಿಗಿಂತ ಒಂದು ಸೆಂಟಿಮೀಟರಿಗಿಂತ ಹೆಚ್ಚು ಕೆಳಗಿರಬಾರದು. ಹೆಚ್ಚು ತುಂಬಿದರೆ ಗೇರುಗಳು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತವೆ.

ಬಸಿದ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿಯ ಗೂಟಗಳಿಗೆ ಬಳಿಯುವ ರೂಢಿ ಹಳ್ಳಿಗಳಲ್ಲಿದೆ. ಆದರೆ ಲೋಹದ ಕಣಗಳು ತುಂಬಿದ ಇಂಥ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯವೆನಿಸುತ್ತದೆ, 2024ರ ಏಪ್ರಿಲ್ 1ರಿಂದ ಇದನ್ನು ಮರುಬಳಕೆಗೆ ಸೇರಿಸುವ ಹೊಣೆ ಎಣ್ಣೆ ತಯಾರಕರ ಮೇಲೂ ಬಿದ್ದಿದೆ. ನೀರಾಗಲಿ ಸೀಮೆಎಣ್ಣೆಯಾಗಲಿ ಬೆರೆತರೆ ಅದರ ಶುದ್ಧೀಕರಣ ಕಷ್ಟವಾಗುವುದರಿಂದ, ಹೊಸ ಎಣ್ಣೆ ಬಂದ ಡಬ್ಬಿಗಳಲ್ಲೇ ಅದನ್ನು ತುಂಬಿ ಮುಚ್ಚಿ, ಹುಬ್ಬಳ್ಳಿಗೆ ಹೋದಾಗ ಹಳೆಯ ಎಣ್ಣೆ ಪಡೆಯುವ ವರ್ಕ್‌ಶಾಪಿಗೆ ಕೊಡಬಹುದು. ಹೊಸ ಎಣ್ಣೆ ಕೊಂಡ ರಸೀದಿಯನ್ನು ಮಾತ್ರ ಮನೆಯಲ್ಲೇ ಇಟ್ಟುಕೊಳ್ಳಬೇಕು. ಟೊಯೋಟಾ ತನ್ನ ಹೈಬ್ರಿಡ್ ಬ್ಯಾಟರಿಗೆ ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ. ಇರುವಾಗ, ಒಳಗೆ ಸುರಿದದ್ದು ಯಾವ ಎಣ್ಣೆ ಎಂದು ಕೇಳುವ ಪ್ರಸಂಗ ಬಂದೀತು.